ಅಣ್ಣನ ರಿಪೋರ್ಟಿನಲ್ಲಿ "ಸ್ಪೆಕ್ಟ್ರೋಸ್ಕೋಪಿ ಮಾಡಿಸಿ" ಎಂದಿದೆ, ಗೊತ್ತಿದ್ದವರು ಹೇಳ್ತೀರಾ?

ಗುಮ್ಮಟ_ಘಾಟ್ಕೋಪರ್ | ಸೋಮವಾರ, ರಾತ್ರಿ 11.40

ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ಒಳ್ಳೆ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಹಬ್ಬಕ್ಕೆ ಯಾವ ಗಾಡಿಯಲ್ಲಿ ಟಿಕೆಟ್ ಉಳಿದಿದೆ ಅಂತ ಇಲ್ಲಿ ಕೇಳುತ್ತಿದ್ದವನು ನಾನೇ. ಇವತ್ತು ಬೇರೆ ವಿಷಯ.

ನನ್ನ ಅಣ್ಣನಿಗೆ 43 ವರ್ಷ. ಇಂಡಿ ಹತ್ತಿರ ನಮ್ಮ ಲಿಂಬೆ ತೋಟ ಇದೆ. ಕಳೆದ ವರ್ಷ ತೋಟದಲ್ಲೇ ಫಿಟ್ಸ್ ಬಂದು ಬಿದ್ದ. ಸೋಲಾಪುರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಬಲಗಡೆ ಗಡ್ಡೆ ಕಂಡಿತು. ಮುಂಬೈಗೆ ಕರೆದುಕೊಂಡು ಬಂದೆ. ಆಪರೇಷನ್ ಆಯಿತು. ಬಯಾಪ್ಸಿಯಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್, ಗ್ರೇಡ್ 4 ಎಂದು ಬಂತು. ಆಮೇಲೆ 30 ದಿನ ಕರೆಂಟ್ ಕೊಟ್ಟರು. ಊರಲ್ಲಿ ರೇಡಿಯೇಷನ್‌ಗೆ ಹಾಗೇ ಹೇಳುತ್ತೇವೆ. ಜೊತೆಗೆ ಟೆಮೊಝೊಲೊಮೈಡ್ ಎಂಬ ಕೀಮೋ ಗುಳಿಗೆ.

ಕರೆಂಟ್ ಮುಗಿದು ಹತ್ತು ವಾರ ಆಯಿತು. ಹೋದ ವಾರದ ಎಮ್‌ಆರ್‌ಐಯಲ್ಲಿ ಆಪರೇಷನ್ ಆದ ಜಾಗದ ಸುತ್ತ ಬೆಳ್ಳಗಿನ ಪಟ್ಟಿ ಮೊದಲಿಗಿಂತ ದಪ್ಪ ಆಗಿದೆಯಂತೆ. ಗಡ್ಡೆ ಮತ್ತೆ ಬಂದಿರಬಹುದು, ಇಲ್ಲವೇ ಚಿಕಿತ್ಸೆಯ ಪರಿಣಾಮ ಇರಬಹುದು, ಸ್ಪೆಕ್ಟ್ರೋಸ್ಕೋಪಿ ಮತ್ತು ಪರ್ಫ್ಯೂಷನ್ ಮಾಡಿಸಿ ಎಂದು ರಿಪೋರ್ಟಿನಲ್ಲಿ ಬರೆದಿದ್ದಾರೆ. ವೈನಿ (ಅತ್ತಿಗೆ) ಆ ಹಾಳೆ ಓದಿದಾಗಿನಿಂದ ಸರಿಯಾಗಿ ಊಟ ಮಾಡಿಲ್ಲ. ಅಣ್ಣ ಮಾತ್ರ ಆರಾಮ ಇದ್ದಾನೆ. ಫೋನಿನಲ್ಲಿ ದಲಾಲರ ಜೊತೆ ಲಿಂಬೆ ರೇಟಿಗೆ ಜಗಳ ಆಡುತ್ತಾನೆ.

ಈಗಾಗಲೇ ನಾಲ್ಕು ಎಮ್‌ಆರ್‌ಐ ಆಗಿವೆ. ಇದು ಯಾವ ಹೊಸ ಎಮ್‌ಆರ್‌ಐ? ಮತ್ತೆ ಕರೆಂಟ್ ತಾಗುತ್ತದಾ? ಅಲ್ಲಿನ ಚಿಕ್ಕ ಡಾಕ್ಟರ್ ಒಬ್ಬರು "ಗಡ್ಡೆ ಏನು ತಿನ್ನುತ್ತಿದೆ, ಏನು ಹೊರಗೆ ಹಾಕುತ್ತಿದೆ ಅಂತ ನೋಡುತ್ತೇವೆ" ಎಂದರು. ಕೇಳುವಷ್ಟರಲ್ಲಿ ಲಿಫ್ಟ್ ಹತ್ತಿ ಹೋದರು.

ಡೊಂಬಿವಲಿ_ರಾಯರು | ಮಂಗಳವಾರ, ಬೆಳಗ್ಗೆ 6.05

ತಮ್ಮಾ, ನಾನು ಡಾಕ್ಟರ್ ಅಲ್ಲ. 26 ವರ್ಷ ಎಮ್‌ಆರ್‌ಐ ಕೋಣೆಯಲ್ಲಿ ಟೆಕ್ನಿಷಿಯನ್ ಆಗಿದ್ದೆ, ಈಗ ರಿಟೈರ್ಡ್. ಮೂಲ ಕುಂದಾಪುರ. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ವೈನಿಗೆ ಇದನ್ನು ಹೇಳಿ: ಎಮ್‌ಆರ್‌ಐಯಲ್ಲಿ ಕರೆಂಟ್ ತಾಗುವುದಿಲ್ಲ. ಎಕ್ಸ್‌ರೇ, ಸಿಟಿ ತರಹದ ಕಿರಣ ಇದರಲ್ಲಿ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆ, ಅಷ್ಟೇ. ಸ್ಪೆಕ್ಟ್ರೋಸ್ಕೋಪಿಗೆ ಬೇರೆ ಮಷಿನ್ ಬೇಕಿಲ್ಲ. ಅದೇ ಮಷಿನ್, ಅದೇ ಟೇಬಲ್. ಹದಿನೈದು ಇಪ್ಪತ್ತು ನಿಮಿಷ ಜಾಸ್ತಿ ಮಲಗಬೇಕು.

ಮಾಮೂಲಿ ಎಮ್‌ಆರ್‌ಐ ಮೆದುಳಿನಲ್ಲಿರುವ ನೀರಿನ ಚಿತ್ರ. ನೀರಿನಲ್ಲಿ ಹೈಡ್ರೋಜನ್ ಇದೆ, ಅದು ಸದ್ದು ಕೊಡುತ್ತದೆ, ನಾವು ಅದರಿಂದ ಚಿತ್ರ ಕಟ್ಟುತ್ತೇವೆ. ಹೈಡ್ರೋಜನ್ ನೀರಿನಲ್ಲಿ ಮಾತ್ರ ಇರುವುದಿಲ್ಲವಲ್ಲ. ಜೀವಕೋಶದೊಳಗಿನ ಬೇರೆ ಪದಾರ್ಥಗಳಲ್ಲೂ ಇದೆ. ಅವುಗಳ ಸದ್ದು ಸ್ವಲ್ಪ ಬೇರೆ ಶ್ರುತಿಯಲ್ಲಿ ಬರುತ್ತದೆ. ಅದನ್ನು ಬೇರೆ ಮಾಡಿ ಕೇಳುವುದೇ ಸ್ಪೆಕ್ಟ್ರೋಸ್ಕೋಪಿ. ಕೊನೆಗೆ ಸಿಗುವುದು ಫೋಟೋ ಅಲ್ಲ, ಗುಡ್ಡ ಬೆಟ್ಟ ಇದ್ದ ಹಾಗೆ ಒಂದು ಗ್ರಾಫ್. ಒಂದೊಂದು ಶಿಖರ ಒಂದೊಂದು ಪದಾರ್ಥದ್ದು.

ಅದರಲ್ಲಿ ಮೂರು ಹೆಸರು ನೆನಪಿಟ್ಟುಕೊಳ್ಳಿ. ಎಡದಿಂದ ಬಲಕ್ಕೆ ಕೋಲಿನ್, ಕ್ರಿಯಾಟಿನ್, ಎನ್‌ಎಎ. ಎನ್‌ಎಎ ಇರುವುದು ಮುಖ್ಯವಾಗಿ ನರಕೋಶಗಳಲ್ಲಿ. ಅದು ಎತ್ತರ ಇದ್ದರೆ ಅಲ್ಲಿ ನರಕೋಶ ಚೆನ್ನಾಗಿವೆ ಎಂದು ಲೆಕ್ಕ. ಕೋಲಿನ್ ಜೀವಕೋಶದ ಹೊರಪೊರೆಗೆ ಸೇರಿದ್ದು. ಕೋಶಗಳು ಬೇಗ ಬೇಗ ಹುಟ್ಟಿ ಸಾಯುವ ಕಡೆ ಅದು ಏರುತ್ತದೆ. ಕ್ರಿಯಾಟಿನ್ ಶಕ್ತಿಯ ವ್ಯವಹಾರದ್ದು. ಅದು ಅಷ್ಟಾಗಿ ಏರುಪೇರು ಆಗುವುದಿಲ್ಲ ಎಂದು ಅಳತೆಗೆ ಇಟ್ಟುಕೊಳ್ಳುತ್ತಾರೆ.

ಆರೋಗ್ಯದ ಮೆದುಳಿನಲ್ಲಿ ಈ ಮೂರು ಶಿಖರದ ತುದಿ ಸೇರಿಸಿ ಪೆನ್ ಇಟ್ಟರೆ ಪೆನ್ ಬಲಕ್ಕೆ ಏರುತ್ತದೆ. ಗಡ್ಡೆ ಇದ್ದ ಕಡೆ ಪೆನ್ ಉಲ್ಟಾ, ಎಡಕ್ಕೆ ಏರುತ್ತದೆ. ಕೋಲಿನ್ ಮೇಲೆ, ಎನ್‌ಎಎ ಕೆಳಗೆ. ಹಳೇ ರೇಡಿಯಾಲಜಿಸ್ಟ್‌ಗಳು ನಿಜಕ್ಕೂ ಫಿಲಂ ಮೇಲೆ ಪೆನ್ ಇಟ್ಟು ನೋಡುತ್ತಿದ್ದರು.

ಅವರ ರಿಪೋರ್ಟಿನಲ್ಲಿ ಐಡಿಎಚ್ ಎಂದು ಏನಾದರೂ ಬರೆದಿದೆಯಾ ನೋಡಿ ಹೇಳಿ. ಅದು ಗಡ್ಡೆಯ ಒಂದು ಜೀನಿನ ಪರೀಕ್ಷೆ.

ಗುಮ್ಮಟ_ಘಾಟ್ಕೋಪರ್ | ಮಂಗಳವಾರ, ಬೆಳಗ್ಗೆ 9.15

ರಾಯರೇ, ದೊಡ್ಡ ಉಪಕಾರ. ಲೋಕಲ್‌ನಲ್ಲಿ ನಿಂತುಕೊಂಡೇ ಓದಿದೆ. ಐಡಿಎಚ್ ವೈಲ್ಡ್ ಟೈಪ್ ಎಂದಿದೆ.

ಇನ್ನೊಂದು ದಡ್ಡ ಪ್ರಶ್ನೆ. ಅಣ್ಣನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.9 ಇದೆ. ನೀವು ಹೇಳಿದ್ದು ಅದೇನಾ? ಮತ್ತೆ ವೈನಿ ಫೋನಿನಲ್ಲಿ ಹುಡುಕಿ, ಕೋಲಿನ್ ಮೊಟ್ಟೆಯಲ್ಲಿ ಜಾಸ್ತಿ ಇರುತ್ತದೆ ಎಂದು ಇವತ್ತಿನಿಂದ ಮೊಟ್ಟೆ ಬಂದ್ ಮಾಡಿದ್ದಾರೆ.

ಡೊಂಬಿವಲಿ_ರಾಯರು | ಮಂಗಳವಾರ, ಬೆಳಗ್ಗೆ 9.50

ಅಯ್ಯೋ, ಮೊಟ್ಟೆ ಕೊಡಿ ಮಾರಾಯ್ರೆ! ಗ್ರಾಫಿನಲ್ಲಿ ಕಾಣುವ ಕೋಲಿನ್ ಆ ಜಾಗದ ಕೋಶಗಳು ಪೊರೆ ಕಟ್ಟುವ, ಒಡೆಯುವ ಕೆಲಸದ್ದು. ಬೆಳಗ್ಗೆ ತಿಂದ ಆಮ್ಲೆಟ್ ಅಲ್ಲಿ ಶಿಖರವಾಗಿ ಏಳುವುದಿಲ್ಲ.

ರಕ್ತದಲ್ಲಿ ನೋಡುವುದು ಕ್ರಿಯಾಟಿನಿನ್. ಅದು ಕಿಡ್ನಿಯ ಲೆಕ್ಕ. ಗ್ರಾಫಿನದು ಕ್ರಿಯಾಟಿನ್. ಒಂದೇ ಮನೆತನ, ಬೇರೆ ಕೆಲಸ. ಆದರೆ ಆ ರಕ್ತದ ರಿಪೋರ್ಟ್ ಜೊತೆಗಿರಲಿ. ಪರ್ಫ್ಯೂಷನ್‌ಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವ ಮೊದಲು ಕೇಳುತ್ತಾರೆ.

ಮಾಟುಂಗಾ_ಮಾಣಿ | ಮಂಗಳವಾರ, ಮಧ್ಯಾಹ್ನ 3.30

ಹೋಟೆಲ್ ಖಾಲಿ ಇರುವ ಹೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ರಾಯರು ಹೇಳಿದ್ದು ನನಗೆ ಅರ್ಥ ಆಗಿದ್ದು ಹೀಗೆ. ಹೋಟೆಲ್ ಎದುರು ನಿಂತು ಬೋರ್ಡ್, ಬಾಗಿಲು, ಟೇಬಲ್ ನೋಡುವುದು ಮಾಮೂಲಿ ಎಮ್‌ಆರ್‌ಐ. ಹಿಂಬಾಗಿಲಿಗೆ ಹೋಗಿ ಕಸದ ಡಬ್ಬಿ ನೋಡುವುದು ಸ್ಪೆಕ್ಟ್ರೋಸ್ಕೋಪಿ. ತೆಂಗಿನಕಾಯಿ ಕರಟ ರಾಶಿ ಬಿದ್ದಿದ್ದರೆ ಚಟ್ನಿ ಜೋರಾಗಿ ಹೋಗುತ್ತಿದೆ ಎಂದರ್ಥ. ಈರುಳ್ಳಿ ಸಿಪ್ಪೆ ಜಾಸ್ತಿ ಇದ್ದರೆ ಇವತ್ತು ಭಾನುವಾರ, ಸಾಂಬಾರಿಗೆ ಗಿರಾಕಿ ಜಾಸ್ತಿ. ಒಳಗೆ ಹೋಗದೇ ಒಳಗಿನ ವ್ಯಾಪಾರ ಗೊತ್ತಾಗುತ್ತದೆ. ಸರಿ ಅಲ್ವಾ?

ಕೊಲಾಬಾ_ಕೆಮಿಸ್ಟ್ | ಮಂಗಳವಾರ, ರಾತ್ರಿ 10.10

ಮಾಣಿ ಅವರೇ, ಈ ಹೋಲಿಕೆ ನಾಳೆ ನಮ್ಮ ಲ್ಯಾಬಿನಲ್ಲಿ ಕದಿಯುತ್ತೇನೆ. ಆದರೆ ಒಂದು ತಿದ್ದುಪಡಿ ಇದೆ.

ನಾನು ಧಾರವಾಡದವಳು, ಇಲ್ಲಿ ಎನ್‌ಎಂಆರ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮನುಷ್ಯರನ್ನು ಸ್ಕ್ಯಾನ್ ಮಾಡುವುದಿಲ್ಲ. ಬೆರಳಿಗಿಂತ ತೆಳ್ಳಗಿನ ಗಾಜಿನ ಟ್ಯೂಬಿನಲ್ಲಿ ದ್ರಾವಣ ಹಾಕಿ ನೋಡುತ್ತೇನೆ. ಎಮ್‌ಆರ್‌ಐಗೂ ಇದಕ್ಕೂ ತತ್ವ ಒಂದೇ. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಬೇರೆ ಬೇರೆಯಾಗಿ ಕಂಡುಹಿಡಿದರು, 1952ರಲ್ಲಿ ನೊಬೆಲ್ ಬಂತು. ಅಂದರೆ ದೇಹದ ಚಿತ್ರ ಬರುವ ಎಷ್ಟೋ ಮೊದಲೇ ಈ ಗ್ರಾಫ್ ಇತ್ತು. ಎನ್‌ಎಂಆರ್‌ನ ಮೊದಲ ಅಕ್ಷರ ನ್ಯೂಕ್ಲಿಯರ್. ಆಸ್ಪತ್ರೆಗೆ ಬಂದಾಗ ಜನ ಹೆದರುತ್ತಾರೆ ಎಂದು ಆ ಅಕ್ಷರ ಬಿಟ್ಟರು. ಗುಮ್ಮಟ ಅವರ ವೈನಿಯ ಹೆದರಿಕೆ ನೋಡಿದರೆ ಬಿಟ್ಟಿದ್ದೇ ಒಳ್ಳೆಯದಾಯಿತು.

ಇದು ಎಷ್ಟು ಸೂಕ್ಷ್ಮ ಕೆಲಸ ಗೊತ್ತಾ? ನಮ್ಮ ಅಜ್ಜ ಬಹಳ ಹಿಂದೆ ಪರೇಲ್ ಮಿಲ್ಲಿನಲ್ಲಿದ್ದರು. ರಾತ್ರಿ ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ಧಾರವಾಡ ಆಕಾಶವಾಣಿ ಹುಡುಕುತ್ತಿದ್ದರಂತೆ. ಪಕ್ಕದಲ್ಲೇ ಮುಂಬೈ ಸ್ಟೇಷನ್ ಗಟ್ಟಿಯಾಗಿ ಒದರುತ್ತಿರುತ್ತಿತ್ತು. ಇಲ್ಲೂ ಹಾಗೇ. ಮೆದುಳಿನ ನೀರು ಮುಂಬೈ ಸ್ಟೇಷನ್. ಎನ್‌ಎಎ, ಕೋಲಿನ್ ಎಲ್ಲ ಧಾರವಾಡ. ನೀರಿನ ಸದ್ದಿನ ಮುಂದೆ ಇವುಗಳದ್ದು ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಮೊದಲು ನೀರಿನ ಬಾಯಿ ಮುಚ್ಚಿಸಬೇಕು, ಆಮೇಲೆ ಇವು ಕೇಳಿಸುತ್ತವೆ. ಅದಕ್ಕೇ ಚಿತ್ರದ ಒಂದು ಚುಕ್ಕೆ ಒಂದು ಮಿಲಿಮೀಟರ್ ಇದ್ದರೆ, ಸ್ಪೆಕ್ಟ್ರೋಸ್ಕೋಪಿಯಲ್ಲಿ ಸದ್ದು ಹಿಡಿಯುವ ಚೌಕ ಒಂದೂವರೆ, ಎರಡು ಸೆಂಟಿಮೀಟರ್ ಬೇಕು.

ಈಗ ತಿದ್ದುಪಡಿ. ಕಸದ ಡಬ್ಬಿಯಲ್ಲಿ ಎಷ್ಟು ಬಿದ್ದಿದೆ ಎಂದು ಕಾಣುತ್ತದೆ. ಎಷ್ಟು ಬೇಗ ಬೀಳುತ್ತಿದೆ ಎಂದು ಕಾಣುವುದಿಲ್ಲ. ಅರ್ಧ ಡಬ್ಬಿ ಸಿಪ್ಪೆ ಇದ್ದರೆ ಅದು ಒಂದು ಗಂಟೆಯದ್ದೋ, ನಿನ್ನೆಯಿಂದ ಮುನಿಸಿಪಾಲಿಟಿಯವರು ಬಂದಿಲ್ಲವೋ? ಲ್ಯಾಕ್ಟೇಟ್ ಎಂಬ ಶಿಖರದಲ್ಲಿ ಇದೇ ಗೊಂದಲ. ಗಡ್ಡೆ ಅದನ್ನು ಭರದಿಂದ ಮಾಡುತ್ತಿರಬಹುದು. ಅಥವಾ ಸತ್ತ ಜಾಗದಲ್ಲಿ ಸಾಗಿಸುವವರಿಲ್ಲದೆ ಸುಮ್ನೆ ನಿಂತಿರಬಹುದು.

ಗುಮ್ಮಟ_ಘಾಟ್ಕೋಪರ್ | ಮಂಗಳವಾರ, ರಾತ್ರಿ 10.25

ಅಕ್ಕಾ, ಲ್ಯಾಕ್ಟೇಟ್ ಅಂದರೆ? ಹಾಲಿನದ್ದಾ?

ಕೊಲಾಬಾ_ಕೆಮಿಸ್ಟ್ | ಮಂಗಳವಾರ, ರಾತ್ರಿ 11.30

ಹೆಸರು ಬಂದಿದ್ದು ಹಾಲಿನಿಂದಲೇ, ಮೊಸರಿನ ಹುಳಿ ಅದು. ಆದರೆ ನಮ್ಮ ದೇಹವೂ ಮಾಡುತ್ತದೆ. ದಾದರ್ ಸೇತುವೆ ಮೆಟ್ಟಿಲನ್ನು ಓಡಿ ಹತ್ತಿದರೆ ಕಾಲಿನ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಏರುತ್ತದೆ. ಬೇಕಾದ ವೇಗಕ್ಕೆ ಆಕ್ಸಿಜನ್ ಸಾಲದೆ ಕೋಶ ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಬಿಡುತ್ತದೆ.

1920ರ ದಶಕದಲ್ಲಿ ಜರ್ಮನಿಯ ಒಟ್ಟೊ ವಾರ್‌ಬರ್ಗ್ ಒಂದು ವಿಚಿತ್ರ ಗಮನಿಸಿದರು. ಕ್ಯಾನ್ಸರ್ ಕೋಶಗಳು ಆಕ್ಸಿಜನ್ ಧಾರಾಳ ಇದ್ದರೂ ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಹೊರಗೆ ಚೆಲ್ಲುತ್ತವೆ. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸಿಗೆ 30ರ ಆಸುಪಾಸು ಎಟಿಪಿ ಸಿಗುತ್ತದೆ. ಎಟಿಪಿ ಅಂದರೆ ಕೋಶದ ಚಿಲ್ಲರೆ ದುಡ್ಡು ಎಂದುಕೊಳ್ಳಿ. ಅರ್ಧಕ್ಕೇ ಬಿಟ್ಟರೆ ಬರೀ 2. ಇಷ್ಟು ನಷ್ಟದ ವ್ಯಾಪಾರ ಯಾಕೆ? ಅದಕ್ಕೆ ಬೇಕಿರುವುದು ಚಿಲ್ಲರೆ ಮಾತ್ರ ಅಲ್ಲ. ಹೊಸ ಕೋಶ ಕಟ್ಟಲು ಇಟ್ಟಿಗೆ ಬೇಕು. ಅರ್ಧ ಒಡೆದ ದಾರಿಯಲ್ಲಿ ಆ ಇಟ್ಟಿಗೆಗೆ ಸಾಮಾನು ಸಿಗುತ್ತದೆ. ಇದು ಒಂದು ವಿವರಣೆ, ಈ ಚರ್ಚೆ ಇನ್ನೂ ನಡೆದೇ ಇದೆ.

ಬೀಳುವ ವೇಗ ನೋಡಬೇಕೆಂದು ಹೊಸ ದಾರಿಗಳು ಬಂದಿವೆ. ನನಗೆ ತುಂಬಾ ಇಷ್ಟವಾದದ್ದು ಹೈಪರ್‌ಪೋಲರೈಸ್ಡ್ ಪೈರುವೇಟ್. ಪೈರುವೇಟ್ ಎಂದರೆ ಗ್ಲೂಕೋಸ್ ಅರ್ಧ ಒಡೆದಾಗ ಸಿಗುವ ಪದಾರ್ಥ. ಅದರಲ್ಲಿ ಮಾಮೂಲಿ ಇಂಗಾಲದ ಬದಲು ಸದ್ದು ಕೊಡುವ ಇಂಗಾಲ-13 ಇಡುತ್ತಾರೆ. ಶೂನ್ಯಕ್ಕಿಂತ 272 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲಿ ಅಯಸ್ಕಾಂತದ ಒಳಗೆ ಅದರ ಸದ್ದನ್ನು ಹತ್ತು ಸಾವಿರ ಪಟ್ಟಿಗಿಂತ ಜಾಸ್ತಿ ಮಾಡುತ್ತಾರೆ. ಆಮೇಲೆ ಬಿಸಿ ನೀರಿನಲ್ಲಿ ಥಟ್ಟನೆ ಕರಗಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಆ ಜೋರು ಸದ್ದು ಒಂದೆರಡು ನಿಮಿಷದಲ್ಲಿ ಇಳಿದು ಹೋಗುತ್ತದೆ. ಅಷ್ಟರೊಳಗೆ ಓಡಬೇಕು. ಗಡ್ಡೆ ಪೈರುವೇಟನ್ನು ಲ್ಯಾಕ್ಟೇಟ್ ಮಾಡುವುದು ಕಣ್ಣ ಮುಂದೆ ಕಾಣುತ್ತದೆ. 2003ರಲ್ಲಿ ಈ ವಿಧಾನ ಪ್ರಕಟ ಆಯಿತು. ಮನುಷ್ಯರಲ್ಲಿ ಮೊದಲ ಪ್ರಯೋಗ 2013ರಲ್ಲಿ ಪ್ರಕಟವಾದದ್ದು, ಅದು ಪ್ರೋಸ್ಟೇಟ್ ಕ್ಯಾನ್ಸರ್‌ನಲ್ಲಿ. ಮೆದುಳಿನ ಗಡ್ಡೆಯಲ್ಲಿ ಆಮೇಲೆ ಶುರುವಾಯಿತು.

ಇನ್ನೊಂದು ಸರಳ. ಡ್ಯೂಟೀರಿಯಂ ಎಂದರೆ ಭಾರದ ಹೈಡ್ರೋಜನ್. ಪ್ರಕೃತಿಯಲ್ಲಿ ಸುಮಾರು 6,400 ಹೈಡ್ರೋಜನ್‌ಗೆ ಒಂದು ಇರುತ್ತದೆ. ಅದನ್ನು ಸೇರಿಸಿದ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಯಲು ಕೊಡುತ್ತಾರೆ, ಶರಬತ್ತಿನ ಹಾಗೆ. ಒಂದು ಗಂಟೆಯ ಮೇಲೆ ಸ್ಕ್ಯಾನ್. ಆರೋಗ್ಯದ ಮೆದುಳು ಆ ಗ್ಲೂಕೋಸನ್ನು ನರಕೋಶಗಳು ಮಾತಾಡಲು ಬಳಸುವ ಗ್ಲುಟಮೇಟ್ ಕಡೆಗೆ ಕಳಿಸುತ್ತದೆ, ಗ್ಲಿಯೋಬ್ಲಾಸ್ಟೋಮಾ ಲ್ಯಾಕ್ಟೇಟ್ ಕಡೆಗೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ರೋಗಿಗಳಲ್ಲಿ ಇದನ್ನು ತೋರಿಸಿದರು. ಇವೆರಡೂ ಇನ್ನೂ ಸಂಶೋಧನೆಯ ಮಟ್ಟದಲ್ಲೇ ಇವೆ. ಗುಮ್ಮಟ ಅವರ ಅಣ್ಣನಿಗೆ ಬರೆದಿರುವುದು ರಾಯರು ಹೇಳಿದ ಮಾಮೂಲಿ ಸ್ಪೆಕ್ಟ್ರೋಸ್ಕೋಪಿಯೇ.

ನಿಸರ್ಗ_ಜೀವಿ | ಬುಧವಾರ, ಬೆಳಗ್ಗೆ 5.30

ಇಷ್ಟು ಓದಿದ ಮೇಲೆ ಉತ್ತರ ಸ್ಪಷ್ಟ ಇದೆಯಲ್ಲ! ಗಡ್ಡೆ ತಿನ್ನುವುದು ಸಕ್ಕರೆ. ಸಕ್ಕರೆ, ಅನ್ನ, ಜೋಳ ಎಲ್ಲ ಬಿಡಿಸಿ. ಗಡ್ಡೆ ಉಪವಾಸ ಬಿದ್ದು ಒಣಗುತ್ತದೆ. ಡಾಕ್ಟರುಗಳು ಇದನ್ನು ಹೇಳುವುದಿಲ್ಲ.

ಪಿಂಪ್ರಿ_ಅಕ್ಕ | ಬುಧವಾರ, ಬೆಳಗ್ಗೆ 7.45

ಬೆಳಗ್ಗೆ ಟಿಫಿನ್ ಕಟ್ಟುತ್ತಾ ಇದನ್ನು ಓದಿದೆ, ಸೌಟು ಕೆಳಗಿಟ್ಟು ಬರೆಯುತ್ತಿದ್ದೇನೆ.

ನಮ್ಮ ಯಜಮಾನರಿಗೆ ಮೂರು ವರ್ಷದ ಹಿಂದೆ ಮೆದುಳಿನ ಗಡ್ಡೆಯ ಆಪರೇಷನ್ ಆಯಿತು. ನಾನೂ ಇದೇ ಮಾತು ಕೇಳಿ ಅನ್ನ, ಚಪಾತಿ, ಹಣ್ಣು ಎಲ್ಲ ನಿಲ್ಲಿಸಿದೆ. ಎರಡು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದರು. ರಕ್ತದ ಎಣಿಕೆ ಬಿದ್ದು ಗುಳಿಗೆಯನ್ನೇ ಮುಂದೂಡಬೇಕಾಯಿತು. ಆಹಾರದಿಂದಲೇ ಎಣಿಕೆ ಬಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಅವರಿಗೆ ಮೆಟ್ಟಿಲು ಹತ್ತಲು ಶಕ್ತಿ ಇರಲಿಲ್ಲ. ಡಾಕ್ಟರ್ ಮೇಡಂ ನನ್ನನ್ನು ಕೂರಿಸಿ ಬೈದರು. ಸಕ್ಕರೆ ಬಿಟ್ಟರೂ ಲಿವರ್ ಗ್ಲೂಕೋಸ್ ಮಾಡಿ ರಕ್ತಕ್ಕೆ ಹಾಕುತ್ತಲೇ ಇರುತ್ತದೆ, ಮೆದುಳಿಗೆ ಅದು ಬೇಕೇ ಬೇಕು ಎಂದರು. ಸೊರಗಿದ್ದು ನನ್ನ ಗಂಡ, ಗಡ್ಡೆ ಅಲ್ಲ.

ಒಂದು ನಿಜ ಇದೆ. ಊತ ಇಳಿಸುವ ಡೆಕ್ಸಾ ಗುಳಿಗೆ ನಡೆಯುತ್ತಿದ್ದರೆ ರಕ್ತದ ಸಕ್ಕರೆ ಏರುತ್ತದೆ, ಹಸಿವೂ ವಿಪರೀತ. ಆಗ ಸಿಹಿ ಕಡಿಮೆ ಮಾಡಿ ಎಂದು ಅವರೇ ಹೇಳುತ್ತಾರೆ. ಅದು ಬೇರೆ ವಿಷಯ.

ನಿಸರ್ಗ_ಜೀವಿ | ಬುಧವಾರ, ಬೆಳಗ್ಗೆ 8.20

ನಂಬಿಕೆ ಇಲ್ಲದವರಿಗೆ ಏನೂ ಹೇಳಲಾಗದು.

ನಿರ್ವಾಹಕ | ಬುಧವಾರ, ಬೆಳಗ್ಗೆ 8.40

ಆಹಾರದ ಜಗಳ ಇಲ್ಲಿಗೆ ಸಾಕು. ಗುಮ್ಮಟ ಅವರೇ, ಊಟದಲ್ಲಿ ಏನೇ ಬದಲಾವಣೆ ಮಾಡುವುದಿದ್ದರೂ ನಿಮ್ಮ ಡಾಕ್ಟರನ್ನು ಕೇಳಿ. ಉಳಿದವರು ಮುಂದುವರಿಸಿ.

ವಾಸ್ಕೋ_ಶೆಟ್ಟಿ | ಬುಧವಾರ, ಸಂಜೆ 6.15

ಗೋವಾದಿಂದ ನಮಸ್ಕಾರ. ಕೆಮಿಸ್ಟ್ ಅಕ್ಕ ದೂರದ ದೇಶದ್ದು ಹೇಳಿದರು, ನಾನು ಹತ್ತಿರದ್ದು ಹೇಳುತ್ತೇನೆ. ಏಳು ವರ್ಷದ ಹಿಂದೆ ನಮ್ಮ ಅಮ್ಮನ ಮೆದುಳಿನಲ್ಲಿ ಉಂಗುರದ ಹಾಗೆ ಬೆಳ್ಳಗೆ ಕಂಡಿತು. ಮೊದಲು ನೋಡಿದವರು ಗಡ್ಡೆ ಎಂದೇ ಹೇಳಿ ಆಪರೇಷನ್‌ಗೆ ದಿನ ನೋಡಿ ಎಂದರು. ಎರಡನೇ ಕಡೆ ಸ್ಪೆಕ್ಟ್ರೋಸ್ಕೋಪಿ ಮಾಡಿಸಿದರು. ಅದರಲ್ಲಿ ಕೊಬ್ಬಿನ ಶಿಖರ ಒಂದೇ ದೊಡ್ಡದಾಗಿ ಎದ್ದಿತ್ತು, ಉಳಿದವು ನೆಲ ಹಿಡಿದಿದ್ದವು. ಟಿಬಿ ಇರಬಹುದು ಎಂದರು. ಎದೆಯ ಸಿಟಿ, ಬೇರೆ ಪರೀಕ್ಷೆ ಎಲ್ಲ ಸೇರಿಸಿ ನೋಡಿ ಟಿಬಿಯ ಎಕೆಟಿ ಗುಳಿಗೆ ಶುರು ಮಾಡಿದರು. ಒಂದೂವರೆ ವರ್ಷ ನುಂಗಿದರು. ಉಂಗುರ ಹೋಯಿತು. ಅಮ್ಮ ಈಗ ಕಾರವಾರದಲ್ಲಿ ಮೀನಿಗೆ ಮಸಾಲೆ ಅರೆಯುತ್ತಿದ್ದಾರೆ.

ಡೊಂಬಿವಲಿ_ರಾಯರು | ಬುಧವಾರ, ರಾತ್ರಿ 9.00

ಶೆಟ್ರೇ, ನಮ್ಮ ದೇಶದಲ್ಲಿ ಇದು ತುಂಬಾ ಕೆಲಸಕ್ಕೆ ಬರುವ ಮಾತು. ಟಿಬಿ ಗಂಟಿನಲ್ಲಿ ಕೊಬ್ಬಿನ ಶಿಖರ, ಕೀವಿನ ಗಂಟಿನಲ್ಲಿ ಅಮೈನೋ ಆಮ್ಲದ ಶಿಖರ, ಮೆನಿಂಜಿಯೋಮಾ ಎಂಬ ಹೊರಪೊರೆಯ ಗಡ್ಡೆಯಲ್ಲಿ ಕೆಲವೊಮ್ಮೆ ಅಲನಿನ್. ಒಂದೊಂದಕ್ಕೆ ಒಂದೊಂದು ವಾಸನೆ ಇದ್ದ ಹಾಗೆ. ಆದರೆ ಗುಮ್ಮಟ ಅವರಿಗೆ ಇನ್ನೊಂದು ಬದಿಯನ್ನೂ ಹೇಳಬೇಕು. ಈ ಗ್ರಾಫ್ ಕೈ ಕೊಡುವುದೂ ಇದೆ.

ಒಂದು ಸಲ ನಾನೇ ಕೆಡಿಸಿದ್ದೆ. ಸಂಜೆ ಕೊನೆಯ ಪೇಷೆಂಟ್, ಎಲ್ಲರಿಗೂ ಮನೆಗೆ ಹೋಗುವ ಆತುರ. ಗಡ್ಡೆ ತಲೆಬುರುಡೆಗೆ ಅಂಟಿದ ಹಾಗಿತ್ತು. ಚೌಕವನ್ನು ಎರಡು ಮಿಲಿಮೀಟರ್ ಹೊರಗೆ ಇಟ್ಟೆ. ನೆತ್ತಿಯ ಚರ್ಮದ ಕೊಬ್ಬು ಒಳಗೆ ನುಗ್ಗಿತು. ಗ್ರಾಫಿನಲ್ಲಿ ಕೊಬ್ಬಿನ ಶಿಖರ ಆಕಾಶಕ್ಕೆ! ಮಾರನೇ ದಿನ ರೇಡಿಯಾಲಜಿಸ್ಟ್ ನೋಡಿ ಆ ಪೇಷೆಂಟನ್ನು ವಾಪಸ್ ಕರೆಸಿದರು. ಆ ಮನುಷ್ಯ ಪಾಲ್ಘರ್‌ನಿಂದ ಎರಡನೇ ಸಲ ಬಂದರು, ನನಗೆ ಅವರ ಮುಖ ನೋಡಲಾಗಲಿಲ್ಲ.

ಮೂಳೆ ಹತ್ತಿರ, ಮೂಗಿನ ಹಿಂದಿನ ಗಾಳಿ ಇರುವ ಜಾಗದ ಹತ್ತಿರ, ಆಪರೇಷನ್ನಿನ ಹಳೇ ರಕ್ತ ಇರುವ ಕಡೆ, ಕ್ಲಿಪ್ ಪ್ಲೇಟ್ ಹಾಕಿದ ಕಡೆ ಗ್ರಾಫ್ ಕೆಡುತ್ತದೆ. ಗಡ್ಡೆ ತೆಗೆದ ಹಳ್ಳದಲ್ಲಿ ಬರೀ ನೀರಿರುತ್ತದೆ, ಅದು ಚೌಕದೊಳಗೆ ಬಂದರೂ ಲೆಕ್ಕ ತಪ್ಪುತ್ತದೆ. ಪೇಷೆಂಟ್ ಅಲುಗಾಡಿದರೆ ಮುಗಿಯಿತು.

ಅವರಿಗೆ ಪರ್ಫ್ಯೂಷನ್ ಜೊತೆಗೇ ಬರೆದಿರುವುದು ಅದಕ್ಕೇ. ಅದು ಆ ಜಾಗಕ್ಕೆ ಎಷ್ಟು ರಕ್ತ ಹರಿಯುತ್ತಿದೆ ಎಂದು ತೋರಿಸುತ್ತದೆ. ಜೀವಂತ ಗಡ್ಡೆ ಹೊಸ ರಕ್ತನಾಳ ಎಳೆದುಕೊಂಡಿರುತ್ತದೆ, ಅಲ್ಲಿ ರಕ್ತ ಜಾಸ್ತಿ. ಕರೆಂಟಿನಿಂದ ಸುಟ್ಟ ಜಾಗದಲ್ಲಿ ಸಾಮಾನ್ಯವಾಗಿ ಕಡಿಮೆ. ಬೆಳ್ಳಗೆ ಕಂಡಿತು ಎಂದರೆ ಕಾಂಟ್ರಾಸ್ಟ್ ಔಷಧ ಅಲ್ಲಿ ರಕ್ತನಾಳದಿಂದ ಸೋರಿತು ಎಂದಷ್ಟೇ. ಗಡ್ಡೆಯ ನಾಳವೂ ಸೋರುತ್ತದೆ, ಕರೆಂಟ್ ತಾಗಿ ಊದಿದ ನಾಳವೂ ಸೋರುತ್ತದೆ. ಚಿತ್ರದಲ್ಲಿ ಎರಡೂ ಒಂದೇ ತರಹ. ಕರೆಂಟ್ ಮುಗಿದ ಮೊದಲ ಮೂರು ತಿಂಗಳಲ್ಲಿ ಹೀಗೆ ಸುಳ್ಳಾಗಿ ದೊಡ್ಡದು ಕಾಣುವುದಕ್ಕೆ ಸ್ಯೂಡೋಪ್ರೋಗ್ರೆಷನ್ ಎನ್ನುತ್ತಾರೆ. ಅಣ್ಣನಿಗೆ ಆಗಿರುವುದು ಹತ್ತು ವಾರ.

ಗುಮ್ಮಟ_ಘಾಟ್ಕೋಪರ್ | ಬುಧವಾರ, ರಾತ್ರಿ 9.20

ರಾಯರೇ, ಈ ಕೊನೆಯ ಸಾಲು ವೈನಿಗೆ ಓದಿ ಹೇಳಿದೆ. ಇವತ್ತು ಎರಡು ರೊಟ್ಟಿ ತಿಂದರು.

ಶುಕ್ರವಾರ ಬೆಳಗ್ಗೆ ಸ್ಕ್ಯಾನ್ ಇದೆ. ಏನೇನು ತಗೊಂಡು ಹೋಗಬೇಕು?

ಡೊಂಬಿವಲಿ_ರಾಯರು | ಬುಧವಾರ, ರಾತ್ರಿ 9.45

ಹಳೇ ಸ್ಕ್ಯಾನ್‌ಗಳ ಸಿಡಿ, ಬರೀ ಫಿಲಂ ಅಲ್ಲ. ಆಪರೇಷನ್ನಿನ ಕಾಗದ, ಕರೆಂಟ್ ಶುರುವಾದ ಮತ್ತು ಮುಗಿದ ತಾರೀಖು, ಯಾವ ಜಾಗಕ್ಕೆ ಕೊಟ್ಟರು ಎಂಬ ಹಾಳೆ. ಡೆಕ್ಸಾ ನಡೆಯುತ್ತಿದ್ದರೆ ಎಷ್ಟು ಮಿಲಿಗ್ರಾಂ, ಯಾವತ್ತಿನಿಂದ ಎಂದು ಚೀಟಿಯಲ್ಲಿ ಬರೆದುಕೊಡಿ. ಅದು ಊತ ಇಳಿಸಿ ಚಿತ್ರವನ್ನು ಬದಲಾಯಿಸುತ್ತದೆ, ಓದುವವರಿಗೆ ಗೊತ್ತಿರಬೇಕು. ಫಿಟ್ಸ್ ಗುಳಿಗೆ ತಪ್ಪಿಸಬೇಡಿ. ಒಳಗೆ ಹೋಗುವ ಮುಂಚೆ ಮೂತ್ರಕ್ಕೆ ಹೋಗಿ ಬರಲಿ. ನಗು ಬರಬಹುದು, ಆದರೆ ಅರ್ಧಕ್ಕೆ ನಿಲ್ಲುವ ಸ್ಕ್ಯಾನ್ ಹೆಚ್ಚಾಗಿ ಅದಕ್ಕೇ ನಿಲ್ಲುವುದು.

ಗುಮ್ಮಟ_ಘಾಟ್ಕೋಪರ್ | ಬುಧವಾರ, ರಾತ್ರಿ 9.55

ಮೊದಲ ಸ್ಕ್ಯಾನ್ ಮಾಡಿದ ಸೆಂಟರ್‌ನವರು ಸಿಡಿ ಕೊಟ್ಟಿರಲಿಲ್ಲ, ಫಿಲಂ ಮಾತ್ರ. ಕೇಳಿದರೆ ಮೂರು ತಿಂಗಳ ಮೇಲೆ ಇಡುವುದಿಲ್ಲ ಎಂದರು. ಹೊಟ್ಟೆ ಉರಿಯಿತು. ಉಳಿದ ಮೂರರ ಸಿಡಿ ಇದೆ.

ಪಿಂಪ್ರಿ_ಅಕ್ಕ | ಗುರುವಾರ, ಮಧ್ಯಾಹ್ನ 2.10

ರಾಯರೇ, ನೀವು ಮೊದಲೇ ಐಡಿಎಚ್ ಕೇಳಿದಿರಿ. ನಮ್ಮವರದು ಐಡಿಎಚ್ ಮ್ಯುಟೆಂಟ್, ಗ್ರೇಡ್ 2. ಸ್ಕ್ಯಾನ್‌ನಲ್ಲೇ ಅದನ್ನೂ ಕಂಡುಹಿಡಿಯಬಹುದು ಎಂದು ಓದಿದ್ದೆ. ನಿಜವಾ? ಹಾಗಿದ್ದರೆ ಬಯಾಪ್ಸಿ ಯಾಕೆ ಬೇಕಿತ್ತು?

ಕೊಲಾಬಾ_ಕೆಮಿಸ್ಟ್ | ಗುರುವಾರ, ರಾತ್ರಿ 8.30

ಅಕ್ಕಾ, ನಿಜ. ನನಗೆ ಇದು ಇಡೀ ವಿಷಯದಲ್ಲೇ ಚಂದದ ಕಥೆ. ಐಡಿಎಚ್ ಎಂಬುದು ಕೋಶದ ಅಡುಗೆಮನೆಯ ಒಬ್ಬ ಭಟ್ಟ. ಕೆಲವು ಗಡ್ಡೆಗಳಲ್ಲಿ ಆ ಭಟ್ಟನ ಕೈ ಕೆಟ್ಟಿರುತ್ತದೆ (ಅದೇ ಮ್ಯುಟೆಂಟ್) ಎಂದು 2008ರಲ್ಲಿ ಗೊತ್ತಾಯಿತು. ಕೈ ಕೆಟ್ಟ ಭಟ್ಟ ಸುಮ್ಮನೆ ಕೂರುವುದಿಲ್ಲ, ಬೇರೆಯೇ ಪದಾರ್ಥ ಮಾಡಿ ರಾಶಿ ಹಾಕುತ್ತಾನೆ ಎಂದು 2009ರಲ್ಲಿ ಗೊತ್ತಾಯಿತು. ಅದರ ಹೆಸರು 2-ಹೈಡ್ರಾಕ್ಸಿಗ್ಲುಟರೇಟ್, ಚಿಕ್ಕದಾಗಿ 2-ಎಚ್‌ಜಿ. ಆರೋಗ್ಯದ ಮೆದುಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಅದರ ಶಿಖರ ಕಂಡರೆ ಭಟ್ಟ ಯಾರು ಎಂದು ಹೇಳಬಹುದಲ್ಲ? 2012ರಲ್ಲಿ ಜೀವಂತ ರೋಗಿಗಳ ಎಮ್‌ಆರ್‌ಐಯಲ್ಲಿ ಅದನ್ನು ತೋರಿಸಿದರು. ಜೀನಿನಲ್ಲಿ ಆದ ಒಂದು ತಪ್ಪು, ತಲೆ ಕೊಯ್ಯದೆ, ಗ್ರಾಫಿನಲ್ಲಿ ಕಾಣುವುದು!

ತೊಂದರೆ ಏನೆಂದರೆ ಆ ಶಿಖರ ಗ್ರಾಫಿನ ಅಡಿಯ ಅಳತೆಪಟ್ಟಿಯಲ್ಲಿ 2.25ರ ಹತ್ತಿರ ಏಳುತ್ತದೆ. ಅಲ್ಲೇ ಗ್ಲುಟಮೇಟ್, ಗ್ಲುಟಮಿನ್, ಗಾಬಾ ಎಂಬ ಬೇರೆ ಪದಾರ್ಥಗಳ ಶಿಖರಗಳೆಲ್ಲ ಚರ್ಚ್‌ಗೇಟ್ ಲೋಕಲ್‌ನ ಹಾಗೆ ಒತ್ತಿಕೊಂಡು ನಿಂತಿವೆ. ಬೇರ್ಪಡಿಸಲು ವಿಶೇಷ ಸೆಟ್ಟಿಂಗ್ ಬೇಕು. ಗಡ್ಡೆ ಸಣ್ಣದಿದ್ದರೆ ಕಾಣುವುದೇ ಇಲ್ಲ. ಅದಕ್ಕೇ ತುಂಡು ತೆಗೆದು ನೋಡುವುದೇ ಇವತ್ತಿಗೂ ಖಚಿತ. 2021ರ ಡಬ್ಲ್ಯುಎಚ್‌ಒ ವಿಂಗಡಣೆಯಲ್ಲಿ ಗಡ್ಡೆಯ ಹೆಸರಿಡಲು ಐಡಿಎಚ್ ಗೊತ್ತಿರಲೇಬೇಕು. ಗ್ಲಿಯೋಬ್ಲಾಸ್ಟೋಮಾ ಎಂಬ ಹೆಸರನ್ನು ಈಗ ಐಡಿಎಚ್ ಕೆಡದ, ಅಂದರೆ ವೈಲ್ಡ್ ಟೈಪ್ ಗಡ್ಡೆಗೆ ಮಾತ್ರ ಇಡುತ್ತಾರೆ. ಗುಮ್ಮಟ ಅವರ ಅಣ್ಣನದು ಆ ಗುಂಪು, ಅವರಿಗೆ 2-ಎಚ್‌ಜಿ ಹುಡುಕುವ ಅಗತ್ಯ ಇಲ್ಲ.

ನಿಮ್ಮವರ ತರಹದ ಗ್ರೇಡ್ 2 ಗಡ್ಡೆಗೆ ಆ ಭಟ್ಟನ ಕೈ ಕಟ್ಟುವ ಗುಳಿಗೆ ಬಂದಿದೆ, ವೊರಾಸಿಡೆನಿಬ್. ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಡಾಕ್ಟರ್ ಮೇಡಂಗೆ ಒಮ್ಮೆ ಕೇಳಿ ನೋಡಿ.

ಪಿಂಪ್ರಿ_ಅಕ್ಕ | ಗುರುವಾರ, ರಾತ್ರಿ 9.05

ಹೆಸರು ಬರೆದಿಟ್ಟುಕೊಂಡೆ. ಮುಂದಿನ ತಿಂಗಳು ತೋರಿಸಲು ಹೋಗುವುದಿದೆ.

ಮಾಟುಂಗಾ_ಮಾಣಿ | ಶುಕ್ರವಾರ, ಬೆಳಗ್ಗೆ 6.00

ಗುಮ್ಮಟ ಸರ್, ಇವತ್ತು ಸ್ಕ್ಯಾನ್ ಅಲ್ವಾ. ಮುಗಿಸಿ ಈ ಕಡೆ ಬನ್ನಿ. ಅಣ್ಣನಿಗೆ ಬಿಸಿ ಇಡ್ಲಿ ಇರುತ್ತದೆ. ಕಸದ ಡಬ್ಬಿ ತೋರಿಸುವುದಿಲ್ಲ.

ಗುಮ್ಮಟ_ಘಾಟ್ಕೋಪರ್ | ಮುಂದಿನ ಗುರುವಾರ, ರಾತ್ರಿ 10.30

ತಡವಾಗಿದ್ದಕ್ಕೆ ಕ್ಷಮಿಸಿ. ನಿನ್ನೆ ಡಾಕ್ಟರುಗಳೆಲ್ಲ ಒಟ್ಟಿಗೆ ಕೂತು ನೋಡಿದರಂತೆ, ಇವತ್ತು ನಮ್ಮನ್ನು ಕರೆದರು.

ಪರ್ಫ್ಯೂಷನ್‌ನಲ್ಲಿ ರಕ್ತದ ಹರಿವು ಕಡಿಮೆ. ಸ್ಪೆಕ್ಟ್ರೋಸ್ಕೋಪಿಯಲ್ಲಿ ಕೊಬ್ಬು ಮತ್ತು ಲ್ಯಾಕ್ಟೇಟ್ ಜಾಸ್ತಿ, ಎನ್‌ಎಎ ಕಡಿಮೆ, ಕೋಲಿನ್ ಹೆಚ್ಚಿನ ಕಡೆ ಏರಿಲ್ಲ. ಇವೆಲ್ಲ ಕರೆಂಟಿನ ಪರಿಣಾಮದ ಕಡೆಗೇ ತೋರಿಸುತ್ತವೆ ಎಂದರು. ಆದರೆ ಹಿಂದಿನ ಒಂದು ಮೂಲೆಯಲ್ಲಿ ಕೋಲಿನ್ ಸ್ವಲ್ಪ ಮೇಲಿದೆ. ಅದನ್ನು ಈಗಲೇ ಗಡ್ಡೆ ಎನ್ನುವುದಿಲ್ಲ, ಅಲ್ಲ ಎಂದೂ ಎನ್ನುವುದಿಲ್ಲ ಎಂದರು. ಗುಳಿಗೆ ಮುಂದುವರಿಸಿ, ಎಂಟು ವಾರ ಬಿಟ್ಟು ಮತ್ತೆ ಇದೇ ಸ್ಕ್ಯಾನ್.

ನಾನು "ಲ್ಯಾಕ್ಟೇಟ್ ಅಲ್ಲೇ ನಿಂತಿದ್ದೋ, ಈಗ ಆಗುತ್ತಿರುವುದೋ" ಎಂದು ಕೇಳಿಬಿಟ್ಟೆ. ಆ ಲಿಫ್ಟ್ ಹತ್ತಿದ್ದ ಡಾಕ್ಟರ್ ನನ್ನನ್ನು ತಿರುಗಿ ನೋಡಿದರು. ಇದರಲ್ಲಿ ಅದು ಗೊತ್ತಾಗುವುದಿಲ್ಲ ಎಂದು ಹೇಳಿ, ಐದು ನಿಮಿಷ ನಿಂತು ಗ್ರಾಫ್ ತೋರಿಸಿದರು. ಕೆಮಿಸ್ಟ್ ಅಕ್ಕಾ, ಅದು ನಿಮ್ಮ ಪ್ರಶ್ನೆ.

ಅಣ್ಣ ಗ್ರಾಫ್ ನೋಡಿ, "ಇದು ಲಿಂಬೆ ರೇಟ್ ಇದ್ದ ಹಾಗಿದೆಯಲ್ಲೋ, ಬೇಸಿಗೆಯಲ್ಲಿ ಏರಿ ಮಳೆಗಾಲಕ್ಕೆ ಬಿದ್ದಿದೆ" ಎಂದ. ಎಂಟು ವಾರ ಊರಿಗೆ ಹೋಗುತ್ತೇನೆ ಎಂದು ಹಟ ಮಾಡಿದ್ದಾನೆ. ಡಾಕ್ಟರ್ ಹೋಗಬಹುದು ಎಂದಿದ್ದಾರೆ. ಶನಿವಾರ ರಾತ್ರಿ ಗಾಡಿ.

ಡೊಂಬಿವಲಿ_ರಾಯರು | ಗುರುವಾರ, ರಾತ್ರಿ 10.50

ಎಂಟು ವಾರದ ಸ್ಕ್ಯಾನ್ ಅದೇ ಮಷಿನ್‌ನಲ್ಲಿ ಮಾಡಿಸಿ. ಚೌಕವನ್ನು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇಡಿ ಎಂದು ಟೆಕ್ನಿಷಿಯನ್‌ಗೆ ಹೇಳಿ. ಹೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹಿಂದಿನ ಮೂಲೆ ಎಂದು ನೆನಪಿಸಿ. ಜಾಗ ತಪ್ಪಿದರೆ ಹೋಲಿಸಲು ಬರುವುದಿಲ್ಲ. ಈ ಸಲದ ಸಿಡಿ ತಗೊಂಡಿರಾ?

ಗುಮ್ಮಟ_ಘಾಟ್ಕೋಪರ್ | ಗುರುವಾರ, ರಾತ್ರಿ 10.55

ಎರಡು ಕಾಪಿ. ಒಂದು ವೈನಿಯ ಟ್ರಂಕಿನಲ್ಲಿ, ಒಂದು ನನ್ನ ಹತ್ತಿರ.